ತುಕ್ಕು ಹಿಡಿದ ಬೀಡು, ಗರಿಗರಿ ದೋಸೆ: ಗರಾಜ್ ಸೇಲಿನ ನನ್ನ ಅನುಭವ

"ಗರಾಜ್ ಸೇಲಿನ ತುಕ್ಕು ಬಾಣಲೆಯಲ್ಲಿ ದೋಸೆ ಏಳೋದುಂಟೇನ್ರೀ? ಊರಿಂದ ಕಾವಲಿ ತರಿಸಿ" ಎಂದು ಅಮೆರಿಕದ ಒಹಾಯೊದ ನಮ್ಮ ಕನ್ನಡ ಬಳಗದಲ್ಲಿ ಬುದ್ಧಿ ಹೇಳದವರಿಲ್ಲ. ಗರಾಜ್ ಸೇಲ್ ಅಂದರೆ ಮನೆಯವರು ಹಳೆಯ ಸಾಮಾನನ್ನು ಗರಾಜಿನಲ್ಲಿಟ್ಟು ಮಾರುವುದು. ಅಲ್ಲಿಂದ ತಂದು ಈಗ ನಮ್ಮ ಮನೆಯಲ್ಲಿ ಓಡುತ್ತಿರುವ ಬೀಡಿನ (ಎರಕದ ಕಬ್ಬಿಣದ) ಕಾವಲಿಗಳಿಗೆ ಎಲ್ಲ ಖರ್ಚು ಸೇರಿ ತಲಾ ಹತ್ತು-ಹನ್ನೆರಡು ಡಾಲರ್ ಬಿದ್ದಿರಬಹುದು. ಬುದ್ಧಿ ಹೇಳಿದವರೇ "ಸಿಕ್ಕರೆ ನಮಗೂ ಒಂದು ಎತ್ತಿಡಿ" ಅನ್ನುತ್ತಿದ್ದಾರೆ.

ಲಾಡ್ಜ್ ಕಂಪನಿಯ ಹೊಸ ಬೀಡಿನ ಕಾವಲಿ 20-25 ಡಾಲರಿಗೆ ಸಿಗುವಾಗ ಹಳೆಯದು ಯಾಕೆ ಅಂತ ಕೇಳಬಹುದು. ಹೊಸದರ ಮೈ ಮುಟ್ಟಿದರೆ ಮರಳು ಮರಳು. ಹಿಟ್ಟು ಹರಡುವಾಗ ಸೌಟು ತೊಡರುತ್ತದೆ, ದೋಸೆ ತೆಳ್ಳಗಾಗುವುದೇ ಇಲ್ಲ. ಪೆನ್ಸಿಲ್ವೇನಿಯಾದ ಈರಿಯಲ್ಲಿ ಗ್ರಿಸ್‌ವೋಲ್ಡ್, ನಮ್ಮದೇ ಒಹಾಯೊದ ಸಿಡ್ನಿಯಲ್ಲಿ ವ್ಯಾಗ್ನರ್ ಕಂಪನಿಯವರು ಎರಕ ಹೊಯ್ದ ಮೇಲೆ ಒಳಮೈಯನ್ನು ಮೆಷಿನ್ನಿನಲ್ಲಿ ನಯ ಮಾಡುತ್ತಿದ್ದರು. ಅಂಥ ನುಣುಪಿನ ಹೊಸ ಕಾವಲಿ ಬೇಕೆಂದರೆ ಈಗ ಬೆಲೆ ಬಹಳ ಹೆಚ್ಚು. ಹೊಸ ಲಾಡ್ಜನ್ನೇ ಲೋಹ ಉಜ್ಜುವ ಗ್ರೈಂಡರಿಗೆ 80ರ ಫ್ಲ್ಯಾಪ್ ಡಿಸ್ಕ್ (ಉಜ್ಜುಕಾಗದದ ಚಕ್ರ) ಹಾಕಿ ಉಜ್ಜಿಯೂ ನೋಡಿದ್ದೇನೆ. ನಯವಾಗುತ್ತದೆ, ಆದರೆ ಗರಾಜೆಲ್ಲ ಕಪ್ಪು ಧೂಳು, ಅರ್ಧ ದಿನ ಹಾಳು. ಕನ್ನಡಿಯಷ್ಟು ನಯ ಮಾಡಿಬಿಟ್ಟರೆ ಎಣ್ಣೆಯ ಪದರ ಕಚ್ಚುವುದೂ ಇಲ್ಲ.

ಗ್ರಿಸ್‌ವೋಲ್ಡ್ ಮುದ್ರೆ ಕಂಡರೆ ಆಸೆ ಪಡಬೇಡಿ. ಮಾರುವವರು ಫೋನಿನಲ್ಲಿ ರೇಟು ನೋಡಿಕೊಂಡೇ ಕೂತಿರುತ್ತಾರೆ. ಸಂಗ್ರಹಕಾರರ ಜೊತೆ ನಮಗೇಕೆ ಪೈಪೋಟಿ? ಹಿಂಬದಿಯಲ್ಲಿ ಬರೀ 8 ಅಥವಾ 9 ಅಂತ ಅಂಕಿ ಇರುವ, ಕಂಪನಿಯ ಹೆಸರಿಲ್ಲದ ಗುಂಡನೆಯ ಗ್ರಿಡಲ್, ಅಂದರೆ ಚಪ್ಪಟೆ ಕಾವಲಿ, ನಮ್ಮ ಮಾಲು. ಆ ಅಂಕಿ ಇಂಚಲ್ಲ, ಹಳೆಯ ಸೌದೆ ಒಲೆಯ ಕಂಡಿಯ ಅಳತೆ. ಹಾಗಾಗಿ ಜೇಬಿನಲ್ಲಿ ಟೇಪ್ ಇರಲಿ, ಒಳ ಅಗಲ ಒಂಬತ್ತೂವರೆ-ಹತ್ತು ಇಂಚಿಗಿಂತ ಕಡಿಮೆಯಾದರೆ ಬೇಡ. ಗೋಡೆ ಎತ್ತರವಿರುವ ಸ್ಕಿಲೆಟ್ಟಿನಲ್ಲಿ ಮಗುಚುವ ಕೈ ಅಡಿಗೆ ಹೋಗುವುದಿಲ್ಲ, ಅದು ಒಗ್ಗರಣೆಗೆ, ಹುರಿಯೋದಕ್ಕೆ ಸರಿ.

ಹೊಸ ಬಡಾವಣೆಗಳಿಗೆ ಪೆಟ್ರೋಲ್ ಸುಡಬೇಡಿ, ಅಲ್ಲಿ ಸಿಗುವುದು ಮಕ್ಕಳ ಬಟ್ಟೆ, ಪ್ಲಾಸ್ಟಿಕ್ ಆಟಿಕೆ. ಒಂದೇ ಮನೆಯಲ್ಲಿ ನಲವತ್ತು ವರ್ಷ ಕಳೆದವರ ಬೀದಿ ಹುಡುಕಿ. ಜಾಹೀರಾತಿನಲ್ಲಿ ಕ್ಯಾಂಪಿಂಗ್, ಬೇಟೆ, ಹಳೆಯ ಉಪಕರಣ ಎಂದಿದ್ದರೆ ಬೀಡು ಇರುವ ಸಂಭವ ಹೆಚ್ಚು. ಮೇಜಿನ ಮೇಲೆ ಕಾಣದಿದ್ದರೆ "ಬೇಸ್‌ಮೆಂಟಿನಲ್ಲಿ ತುಕ್ಕು ಹಿಡಿದ ಬೀಡಿನ ಪಾತ್ರೆ ಏನಾದರೂ ಇದೆಯಾ?" ಎಂದು ಕೇಳಿಬಿಡಿ. ನನ್ನ ಒಳ್ಳೆಯ ಕಾವಲಿಗಳು ಮಾರಾಟಕ್ಕೆ ಇಟ್ಟವೇ ಅಲ್ಲ, ನಾಚಿಕೆಯಿಂದ ಒಳಗಿಟ್ಟವು. ಮನೆಯ ಇಡೀ ಸಾಮಾನು ಮಾರುವ ಎಸ್ಟೇಟ್ ಸೇಲಿಗೆ ಮೊದಲ ದಿನ ಹೋಗಿ ನೋಡಿಕೊಂಡು ಬನ್ನಿ, ಬೆಲೆ ಇಳಿಯುವ ಎರಡನೇ ದಿನ ಕೊಳ್ಳಿ. ಚರ್ಚ್ ಸೇಲಿನ ಕೊನೆಯ ಗಂಟೆ ಇನ್ನೂ ವಾಸಿ. ಯಾವ ಚರ್ಚು ಅಂತ ಮಾತ್ರ ಕೇಳಬೇಡಿ.

ಕೈಗೆ ಬಂದ ಕೂಡಲೇ ಹಿಡಿಯಲ್ಲಿ ತೂಗಾಡಿಸಿ ಬೆರಳ ಗೆಣ್ಣಿನಿಂದ ತಟ್ಟಿ. ಠಣ್ ಎಂದು ನಾದ ಉಳಿಯಬೇಕು. ಬದ್ ಎಂದರೆ ಎಲ್ಲೋ ಬಿರುಕಿದೆ. ಬಿರುಕು ಸಾಮಾನ್ಯವಾಗಿ ಅಂಚಿನಿಂದ ಶುರು, ಜಿಡ್ಡಿನ ಕೆಳಗೆ ಕಣ್ಣಿಗೆ ಕಾಣದು, ಸುತ್ತಲೂ ಉಗುರು ಎಳೆದು ನೋಡಿ. ಆಮೇಲೆ ಉಕ್ಕಿನ ಸ್ಕೇಲನ್ನು ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಕೂದಲೆಳೆ ತಗ್ಗಿದ್ದರೆ ಅಡ್ಡಿಯಿಲ್ಲ. ನಡು ಉಬ್ಬಿದ್ದರೆ ಎಣ್ಣೆ ಅಂಚಿಗೆ ಓಡುತ್ತದೆ, ಮಧ್ಯ ಸೀಯುತ್ತದೆ. ತಳ ಉಬ್ಬಿದ್ದು ಗಾಜಿನ ಒಲೆಯ ಮೇಲೆ ಬುಗುರಿಯಾಗುತ್ತದೆ. ತುಕ್ಕಿಗೆ ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಆದರೆ ಬೆಂಕಿಗೆ ಬಿದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿದ ಬೀಡು ಏನು ಮಾಡಿದರೂ ಎಣ್ಣೆ ಹಿಡಿಯುವುದಿಲ್ಲ. ಪಕ್ಕದಲ್ಲಿ ಗುಂಡು ಎರಕದ ಅಚ್ಚು, ಮೀನಿನ ಗಾಳದ ಸೀಸದ ಗುಂಡು ಕಂಡರೆ ಆ ಪಾತ್ರೆಯನ್ನು ಮುಟ್ಟಬೇಡಿ. ಅದರಲ್ಲಿ ಸೀಸ ಕರಗಿಸಿರಬಹುದು, ಎಷ್ಟು ತೊಳೆದರೂ ನಂಬುವಂತಿಲ್ಲ.

ಹದಿನೈದು ಕೇಳಿದರೆ ನಾನು ಎಂಟಕ್ಕೆ ಶುರು ಮಾಡುತ್ತೇನೆ. ಒಂದು, ಐದರ ನೋಟುಗಳೇ ಇರಲಿ. ಚೌಕಾಸಿ ಮುಗಿಸಿ ಇಪ್ಪತ್ತರ ನೋಟು ತೆಗೆದರೆ ಮುಖ ಕೆಡುತ್ತದೆ. ಇಷ್ಟೆಲ್ಲ ನೋಡಿ ತಂದರೂ ನಾಲ್ಕೈದರಲ್ಲಿ ಒಂದು ಜಿಡ್ಡು ತೆಗೆದ ಮೇಲೆ ಕೈಕೊಡುತ್ತದೆ. ಮೇಲೆ ಹೇಳಿದ ಹತ್ತು-ಹನ್ನೆರಡು ಡಾಲರಿನ ಲೆಕ್ಕದಲ್ಲಿ ಆ ನಷ್ಟವೂ ಸೇರಿದೆ.

ಜಿಡ್ಡಿಗೆ ಕಾಸ್ಟಿಕ್ ಸೋಡಾ: ಐದು ಗ್ಯಾಲನ್ ನೀರಿಗೆ ಒಂದು ಪೌಂಡ್, ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಗ್ಲೌಸು, ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಹತ್ತಿರವೂ ಬೇಡ, ಅದನ್ನು ತಿಂದುಹಾಕುತ್ತದೆ. ನಾಲ್ಕೈದು ದಿನಕ್ಕೆ ಕರಿ ಸಿಪ್ಪೆಯಾಗಿ ಕಳಚುತ್ತದೆ. ಚಳಿಗಾಲದಲ್ಲಿ ಗರಾಜಿನಲ್ಲಿಟ್ಟರೆ ಎರಡು ಪಟ್ಟು ದಿನ. ಓವನ್ನಿನ ಸೆಲ್ಫ್ ಕ್ಲೀನಿನಲ್ಲಿ (ಭಾರಿ ಶಾಖದಲ್ಲಿ ತಾನೇ ಜಿಡ್ಡು ಸುಟ್ಟುಕೊಳ್ಳುವ ಸೆಟ್ಟಿಂಗ್) ಸುಡಿ ಎನ್ನುವವರ ಮಾತು ಕೇಳಬೇಡಿ, ಆ ಶಾಖಕ್ಕೆ ಹಳೆಯ ತೆಳು ಬೀಡು ಸೊಟ್ಟಗಾಗುತ್ತದೆ, ಸೀಳುವುದೂ ಉಂಟು. ಸೋಡಾ ತುಕ್ಕನ್ನು ಮುಟ್ಟುವುದಿಲ್ಲ. ಅದಕ್ಕೆ ವಿನೆಗರ್, ನೀರು ಸಮಸಮ. ಅರ್ಧ ಗಂಟೆ ನೆನೆಸಿ ಸ್ಟೀಲ್ ಜುಂಗಿನಲ್ಲಿ ಉಜ್ಜಿ. ರಾತ್ರಿಯಿಡೀ ಬಿಟ್ಟರೆ ಕಬ್ಬಿಣವನ್ನೇ ಕೊರೆಯುತ್ತದೆ. ತೊಳೆದ ತಕ್ಷಣ ಒಲೆಯ ಮೇಲೆ ಒಣಗಿಸಿ, ಇಲ್ಲವಾದರೆ ಹತ್ತೇ ನಿಮಿಷದಲ್ಲಿ ಮತ್ತೆ ಕೆಂಪಡರುತ್ತದೆ.

ಪಳಗಿಸುವುದರಲ್ಲಿ, ಅಂದರೆ ಎಣ್ಣೆಯ ಪದರ ಕೂರಿಸುವುದರಲ್ಲಿ, ಎಲ್ಲರೂ ಸೋಲುವುದು ಎಣ್ಣೆ ಹೆಚ್ಚಾಗಿ. ಬೆಚ್ಚಗಿನ ಕಾವಲಿಗೆ ಕೆನೋಲ ಎಣ್ಣೆ ಸವರಿ, ಎಣ್ಣೆ ಹಾಕಿಯೇ ಇಲ್ಲ ಎನ್ನುವಷ್ಟು ಒಣಬಟ್ಟೆಯಲ್ಲಿ ಒರೆಸಿ. ಓವನ್ನಿನಲ್ಲಿ ಬೋರಲಾಗಿ, 450 ಡಿಗ್ರಿ ಫ್ಯಾರನ್‌ಹೀಟ್, ಒಂದು ಗಂಟೆ, ಒಳಗೇ ತಣಿಯಲಿ. ಇದು ಮೂರ್ನಾಲ್ಕು ಸಲ. ಎಣ್ಣೆ ಉಳಿದರೆ ಅಂಟಂಟು ಕಂದು ಹನಿಗಳಾಗುತ್ತವೆ, ದೋಸೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಅಗಸೆ ಎಣ್ಣೆ ನೋಡಲು ಚೆಂದ, ನೀರು ಚಿಮುಕಿಸಿದಾಗ ಹಕ್ಕಳೆ ಏಳುತ್ತದೆ. ಕೊನೆಯ ಪದರಕ್ಕೆ ನಾನು ಬೇರೆಯದೇ ಒಂದು ಎಣ್ಣೆ ಬಳಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮೊದಲ ವಾರ ದೋಸೆಯ ಗೊಡವೆ ಬೇಡ. ಎಣ್ಣೆ ಬೇಡುವ ಅಕ್ಕಿರೊಟ್ಟಿ, ಈರುಳ್ಳಿ ಉತ್ತಪ್ಪ ಮಾಡಿ. ಎಲೆಕ್ಟ್ರಿಕ್ ಕಾಯಿಲ್ ಒಲೆಯಲ್ಲಿ ಮಧ್ಯಮ ಉರಿಗಿಂತ ಕೆಳಗಿಟ್ಟು ಹತ್ತು ನಿಮಿಷ ಕಾಯಿಸಿದರೇ ಅಂಚಿಗೆ ಶಾಖ ಹೋಗುವುದು. ಹಿಟ್ಟು ಸೌಟಿನ ಜೊತೆ ಎದ್ದು ಬಂದರೆ ಕಾವು ಹೆಚ್ಚಾಗಿದೆ ಅಂತ. ನೀರು ಚಿಮುಕಿಸಿ, ಅರ್ಧ ಈರುಳ್ಳಿಯಲ್ಲಿ ಒರೆಸಿ ಹುಯ್ಯಿರಿ. ಹುಣಸೆ, ಟೊಮೆಟೊ ಇದರ ಹತ್ತಿರ ತರಬೇಡಿ.

ಇದರ ನಡುವೆ ಇನ್ನೊಂದು ಪ್ರಯೋಗ: ಬ್ರೆಡ್ ಮೆಷಿನ್. ಪ್ರತಿ ಸೇಲಿನಲ್ಲೂ ಧೂಳು ಹಿಡಿದು ಕೂತಿರುತ್ತದೆ, ಐದು ಡಾಲರ್. ಬ್ರೆಡ್ಡಿಗಲ್ಲ, ಚಪಾತಿ ಹಿಟ್ಟು ಕಲಸೋದಕ್ಕೆ. ಮೂರು ಕಪ್ ಆಟಾಕ್ಕೆ ಒಂದೂಕಾಲು ಕಪ್ ನೀರು, ಹಿಟ್ಟು ಕಲಸುವ ಡೋ ಸೆಟ್ಟಿಂಗ್; ಕಲಸಿ ಮುಗಿದ ಕೂಡಲೇ ಆಫ್ ಮಾಡಿ, ಮುಂದಿನದು ಯೀಸ್ಟ್ ಉಬ್ಬಿಸುವ ಸಮಯ, ನಮಗೆ ಬೇಡ. ಕೊಳ್ಳುವಾಗ ಮುಚ್ಚಳ ತೆಗೆದು ಮೊದಲು ಪ್ಯಾಡಲ್ (ಹಿಟ್ಟು ಕಲಸುವ ರೆಕ್ಕೆ) ಇದೆಯೇ ನೋಡಿ; ಹತ್ತರಲ್ಲಿ ಮೂರಕ್ಕೆ ಇರುವುದಿಲ್ಲ, ಹೊಸದಕ್ಕೆ ಮೆಷಿನ್ನಿಗಿಂತ ಹೆಚ್ಚು ಬೆಲೆ. ಡಬ್ಬಿಗೆ ನೀರು ಹಾಕಿ ಎತ್ತಿ ಹಿಡಿಯಿರಿ, ತಳದ ಸೀಲ್ ಸೋರಿದರೆ ಬಿಡಿ. 120 ವೋಲ್ಟಿನ ಮಾಲು, ಊರಿಗೆ ಒಯ್ಯುವ ಯೋಚನೆ ಬೇಡ. ಮೋಟಾರು ಸತ್ತದ್ದು ಪುಕ್ಕಟೆ ಸಿಕ್ಕರೆ ಮಾತ್ರ ಎತ್ತಿಕೊಂಡು ಬನ್ನಿ, ಪ್ಯಾಡಲೂ ಡಬ್ಬಿಯೂ ಅದೇ ಮಾಡೆಲಿನ ಇನ್ನೊಂದಕ್ಕೆ ಆಗುತ್ತವೆ.