ಮಾತು ತಡ, ಪುಸ್ತಕ ಅಂದ್ರ ಜೀವ: ಇಂಥಾ ಕೂಸಿನ ಜೊತಿ ಹೆಂಗ ಓದಬೇಕು

ಎರಡು ವರ್ಷ ದಾಟಿದ್ರೂ ಬಾಯಿಂದ ನಾಕೈದು ಶಬ್ದ ಬಿಟ್ಟು ಏನೂ ಬರವಲ್ದು, ಆದ್ರ ಪುಸ್ತಕ ಕಂಡ್ರ ಮಾತ್ರ ಎಳ್ಕೊಂಡು ಬಂದು ತೊಡಿ ಮ್ಯಾಲೆ ಕೂತು ಬಿಡ್ತದ, ಇಂಥಾ ಕೂಸು ಮನಿಯಾಗ ಇದ್ದವ್ರಿಗೆ ಇದು. ನಾವಿರೋದು ಪುಣೆದಾಗ, ಸಿಂಹಗಡ ರೋಡ್ ಕಡೆ. ಮನಿಯಾಗ ಧಾರವಾಡ ಕನ್ನಡ, ಕೆಳಗ ಪಾರ್ಕಿಂಗ್‌ನ್ಯಾಗ ಮರಾಠಿ, ಲಿಫ್ಟಿನ್ಯಾಗ ಹಿಂದಿ, ಹಂಗಾಗಿ ನಾ ಹೇಳೋದೂ ಈ ಗದ್ದಲದಾಗ ಬೆಳಿಯೋ ಹುಡುಗರ ಮಾತೇ.

ಪುಸ್ತಕಕ್ಕಿಂತ ಮೊದ್ಲ ಕಿವಿ. ಚಪ್ಪಾಳಿ ಹೊಡದ್ರ ತಿರಗಿ ನೋಡ್ತದಲ್ಲ, ಕಿವಿ ಚೊಲೋನೇ ಅದ ಅಂತ ಬಿಡಬ್ಯಾಡ್ರಿ, ಜೋರ್ ಸಪ್ಪಳ ಕೇಳಿಸಿ ಮೆಲ್ಲಗಿನ ಸಪ್ಪಳ ಕೇಳಿಸದಂಗ ಇರಬಹುದು, ಪದೇ ಪದೇ ನೆಗಡಿ ಆಗೋ ಕೂಸಿಗೆ ಕಿವಿ ಪರದೆ ಹಿಂದ ನೀರು ತುಂಬ್ಕೊಂಡು ಮಂದ ಕೇಳಿಸೋದೂ ಉಂಟು. ಇಎನ್‌ಟಿ ಕಡೆ ಹೋದ್ರ ಒಎಇ ಅಂತ, ಕಿವಿಯೊಳಗ ಸಣ್ಣ ಸಪ್ಪಳ ಬಿಟ್ಟು ನೋಡೋ ಪರೀಕ್ಷಾ ಮಾಡ್ತಾರ, ಬೇಕಾದ್ರ ಸಪ್ಪಳ ಮಿದುಳಿನ ತನಕ ಮುಟ್ಟತದೋ ಇಲ್ಲೋ ನೋಡೋ ಬೆರಾ ಟೆಸ್ಟ್ ಬರಕೊಡ್ತಾರ. ಬೆರಾ ಕೂಸು ಮಲಗಿದ್ದಾಗ ಮಾಡೋದು, ಅದಕ್ಕ ಅವತ್ತು ಕಾರಿನ್ಯಾಗ ಮಲಗಿಸಿ ನಿದ್ದಿ ಮುಗಿಸಿಬಿಡಬ್ಯಾಡ್ರಿ. ಮುಂಬೈದವ್ರಿಗೆ ಬಾಂದ್ರಾ ರಿಕ್ಲಮೇಶನ್‌ದಾಗ ಮಾತು, ಕಿವಿ ತೊಂದ್ರಿ ನೋಡೋ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಅದ. ಊರಿಗೆ ಹೋದಾಗ ಕನ್ನಡದಾಗೇ ತೋರಿಸ್ತೀವಿ ಅನ್ನೋವ್ರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, 1965ರಿಂದ ಇರೋದು.

2 ವರ್ಷಕ್ಕ 50 ಶಬ್ದ ಇಲ್ಲ, ಎರಡು ಶಬ್ದ ಜೋಡಿಸಿ ಹೇಳವಲ್ದು ಅಂದ್ರ ಸ್ಪೀಚ್ ಥೆರಪಿಸ್ಟಿಗೆ ಒಮ್ಮೆ ತೋರಿಸೋದು ಚೊಲೋ. "ಅವರಪ್ಪನೂ ತಡಾನೇ ಮಾತಾಡಿದ್ದ" ಅಂತ ಅತ್ತಿ ಹೇಳೇ ಹೇಳ್ತಾರ, ಮನೆತನದಾಗ ಬರೋದು ಖರೇನೂ ಹೌದು, ಆದ್ರೂ ತೋರಿಸ್ರಿ. ಲೆಕ್ಕ ಹಾಕುವಾಗ ಎಲ್ಲಾ ಭಾಷಾದ್ದೂ ಕೂಡಿಸ್ರಿ. ನೀರಿಗೆ ಮರಾಠಿದಾಗ "ಪಾ" ಅಂದ್ರೂ ಒಂದು ಶಬ್ದ, ನಾಯಿ ಕಂಡಾಗೆಲ್ಲಾ "ಬೌ" ಅಂದ್ರೂ ಒಂದು ಶಬ್ದ.

ಇನ್ನ ಪುಸ್ತಕ. ಕನ್ನಡದಾಗ ದಪ್ಪ ರಟ್ಟಿನ ಬೋರ್ಡ್ ಬುಕ್ ಇಲ್ಲಿ ಸಿಗೋದು ಕಷ್ಟ, ಅದಕ್ಕೇನು ತಲಿ ಕೆಡಿಸ್ಕೋಬ್ಯಾಡ್ರಿ, ಪುಣೆದ ಪುಸ್ತಕದ ಪ್ಯಾಟಿ ಅಪ್ಪಾ ಬಳವಂತ ಚೌಕಕ್ಕ ಹೋಗಿ ಮರಾಠಿದೋ ಇಂಗ್ಲಿಷಿಂದೋ ಚಿತ್ರ ದೊಡ್ಡದಿರೋದು ತಗೊಂಡು ಬರ್ರಿ, ಅಕ್ಷರ ಕೂಸೇನು ನೋಡ್ತದ, ನೀವು ಕನ್ನಡದಾಗ ಹೇಳ್ರಿ. ರದ್ದಿ ಅಂಗಡಿದಾಗೂ ಹಳೇ ಪುಸ್ತಕ ಸಿಗ್ತಾವ, ಒರೆಸಿ ಕೊಟ್ರಾತು. ಕನ್ನಡದ್ದೇ ಬೇಕಂದ್ರ ಪ್ರಥಮ್ ಬುಕ್ಸ್‌ನವ್ರು 2015ರಾಗ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಅದ, ಪುಕ್ಕಟ, ಮೊದಲನೇ ಲೆವಲ್ಲಿನವು ಡೌನ್‌ಲೋಡ್ ಮಾಡಿ ಕಲರ್ ಪ್ರಿಂಟ್ ತಗೊಂಡು ಲ್ಯಾಮಿನೇಶನ್ ಮಾಡಿಸ್ರಿ, ಹಂಗ ಪ್ರಿಂಟ್ ಹಾಕ್ಕೊಳ್ಳಾಕ ಅವರ ಲೈಸೆನ್ಸಿನ್ಯಾಗೇ ಪರವಾನಗಿ ಅದ. ಆದ್ರ ನನ್ನ ಕೇಳಿದ್ರ ಎಲ್ಲಾದಕ್ಕಿಂತ ಚೊಲೋ ಪುಸ್ತಕ ಮನಿಯಾಗ ಮಾಡಿದ್ದು. ಪ್ಲಾಸ್ಟಿಕ್ ಕಿಸೆ ಇರೋ ಸಣ್ಣ ಫೋಟೋ ಆಲ್ಬಮ್ ತಗೊಂಡು ಒಂದೊಂದು ಪೇಜಿಗೆ ಒಂದೊಂದೇ ಫೋಟೋ ಹಾಕ್ರಿ: ಊರಾಗಿನ ಅಜ್ಜಿ, ಅವನ ಚಪ್ಪಲಿ, ರೊಟ್ಟಿ ಹಂಚು, ಕೆಳಗಿನ ರಿಕ್ಷಾ, ಗ್ಯಾಲರಿ ಮ್ಯಾಲೆ ಬರೋ ಪಾರಿವಾಳ.

ಓದೋದು ಅಂದ್ರ ಓದೋದಲ್ಲ. ಕೂತ ಕೂಡ್ಲೇ ನಮ್ಮ ಮಂದಿ ಪರೀಕ್ಷಾ ಶುರು ಮಾಡ್ತಾರ, "ಇದೇನು? ಅದೇನು? ಆನಿ ಎಲ್ಲದ ತೋರಸು." ಮಾತು ಬರಲಾರದ ಕೂಸಿಗೆ ಇದು ಬ್ಯಾಸರ, ಪುಸ್ತಕ ಮುಚ್ಚಿ ಎದ್ದು ಹೋಗ್ತದ. ಪ್ರಶ್ನೆ ಬಿಡ್ರಿ, ಹೇಳ್ರಿ. ಅದು ಯಾವ ಪೇಜ್ ತೆಗೀತೋ ಅದೇ ಪೇಜ್, ಯಾವುದರ ಮ್ಯಾಲೆ ಬೆರಳಿಡ್ತೋ ಅದರ ಹೆಸರು. "ಕಾಗಿ. ಕಾಗಿ ಬಂತು. ಕಾ ಕಾ." ಅಷ್ಟ ಸಾಕು, ಪುಸ್ತಕದಾಗ ಐದು ಸಾಲು ಇದ್ರೂ ಬಿಟ್ಟುಬಿಡ್ರಿ. ಆಮ್ಯಾಲೆ ಸುಮ್ನಾಗ್ರಿ. ಖರೇನೇ ಸುಮ್ನಾಗ್ರಿ, ಮನಸಿನ್ಯಾಗ ಹತ್ತರ ತನಕ ಎಣಿಸ್ರಿ, ಮುಖ ನೋಡ್ರಿ. ಈ ಹತ್ತು ಎಣಿಸೋದೇ ಎಲ್ಲಾದಕ್ಕಿಂತ ಕಷ್ಟ, ನಮಗ ಮೌನ ತಡಿಯೂದಿಲ್ಲ, ನಡುವ ಬಾಯಿ ಹಾಕಿಬಿಡ್ತೀವಿ. ಕೂಸು "ಕಾ" ಅಂತು, ಅಥವಾ ಬರೇ ಕೈ ಆಡಿಸ್ತು, ಅದನ್ನ ಮಾತು ಅಂತೇ ತಗೊಂಡು ಒಂದ ಶಬ್ದ ಕೂಡಿಸಿ ವಾಪಸ್ ಕೊಡ್ರಿ: "ಹೂಂ, ಕರೀ ಕಾಗಿ." "ಕಾಗಿ ಅನ್ನು, ಕಾಗಿ ಅಂದ್ರ ಬಿಸ್ಕೀಟ್ ಕೊಡ್ತೀನಿ" ಅನ್ನೋದು ಬ್ಯಾಡ.

ಒಂದ ಪುಸ್ತಕಾನೇ ಮತ್ತ ಮತ್ತ ತರ್ತದ, ತರಲಿ. ಪ್ರತಿ ಸಲ ಅದೇ ಸಾಲು, ಅದೇ ರಾಗದಾಗ ಹೇಳ್ರಿ, ಬಾಯಿಪಾಠ ಆದ ಮ್ಯಾಲೆ ಕೊನೀ ಶಬ್ದ ಬಿಟ್ಟು ನಿಲ್ರಿ. "ರೈಲು ಬಂತು, ಚುಕು..." ಅಂತ ನಿಂತ್ರ ಉಳಿದದ್ದು ಅದು ತುಂಬಬಹುದು, ಇಲ್ಲಂದ್ರ ನೀವ ತುಂಬಿ ಮುಂದ ಹೋಗ್ರಿ, ಮುಖ ಸಣ್ಣ ಮಾಡಬ್ಯಾಡ್ರಿ. ಪುಸ್ತಕ ತರೋವಾಗ ಎರಡು ಕೈಯಾಗ ಎರಡು ಹಿಡದು ಯಾವುದು ಬೇಕು ಅಂತ ತೋರಿಸ್ರಿ, ಬೆರಳು ಮಾಡೋದೂ ಮಾತೇ. ಕಚ್ಚಿದ್ರ ಕಚ್ಚಲಿ, ಹರಿದ್ರ ಟೇಪ್ ಅದ.

ಮೊಬೈಲ್‌ನ್ಯಾಗಿನ ಕಥಿ ವಿಡಿಯೋ ಇದರ ಬದ್ಲಿ ಅಲ್ಲ, ಅದು ಕೂಸಿಗಾಗಿ ಹತ್ತು ಎಣಿಸೂದಿಲ್ಲ. 2019ರಾಗ ಡಬ್ಲ್ಯುಎಚ್‌ಒ ಹೇಳಿದ್ದೂ 2 ವರ್ಷಕ್ಕ ದಿನಾ 1 ತಾಸಿನ ಮ್ಯಾಲೆ ಸ್ಕ್ರೀನ್ ಬ್ಯಾಡ ಅಂತ. ಅಜ್ಜಿ ಜೊತಿ ವಿಡಿಯೋ ಕಾಲ್ ಬ್ಯಾರೆ, ಆಲ್ಬಮ್ ಕ್ಯಾಮೆರಾ ಮುಂದ ಹಿಡದ್ರ ಗದಗದಾಗ ಕೂತು ಅಜ್ಜಿ "ಏ, ಇದು ನನ್ನ ಸೀರಿ ಅಲ್ಲೇನೋ" ಅಂತಾರ, ಇಲ್ಲಿ ನಮ್ಮವ ಕುಣೀತಾನ.

ಸೊಸೈಟಿದಾಗ ಒಬ್ಬರಲ್ಲಾ ಒಬ್ಬರು ಹೇಳ್ತಾರ, ಮೂರು ಭಾಷಾದಿಂದ ಗೊಂದಲ ಆಗ್ಯದ, ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಇಟ್ಕೋರಿ ಅಂತ. ಹಲವು ಭಾಷಾ ಕೇಳೋದ್ರಿಂದ ಮಾತು ತಡ ಆಗೂದಿಲ್ಲ. ನಿಮಗ ಯಾವ ಭಾಷಾದಾಗ ಸಲೀಸಾಗಿ ಮುದ್ದು ಮಾಡಾಕ, ಬೈಯಾಕ ಬರ್ತದೋ ಅದರಾಗೇ ಓದ್ರಿ. ಮಾವಶಿ ಮರಾಠಿದಾಗ ಓದ್ಲಿ, ಏನೂ ತಕರಾರಿಲ್ಲ.

ಪ್ರಶ್ನೆ ಯಾವಾಗ? 1988ರಾಗ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತ ಜೊತಿಯವ್ರು ಎರಡು ವರ್ಷದ ಆಸುಪಾಸಿನ ಹುಡುಗರ ತಂದಿ ತಾಯಿಗೆ ಕೂಸಿನ ಕೈಯಾಗೇ ಕಥಿ ಹೇಳಿಸೋ ಪದ್ಧತಿ ಕಲಿಸಿದ್ರು, ಅದರಾಗ ಪ್ರಶ್ನೆ ಭಾಳ, ಹುಡುಗರ ಮಾತೂ ಸುಧಾರಿಸ್ತು. ಆದ್ರ ಅವು ಮಾತಾಡೋ ಹುಡುಗರು. ನಮ್ಮವು ತಾವಾಗೇ ಹೆಸರು ಹೇಳಾಕ ಹತ್ತಿದ ಮ್ಯಾಲೆ "ಕಾಗಿ ಏನ್ ಮಾಡಾಕತ್ತದ?" ಅಂತ ಶುರು ಮಾಡಬಹುದು, ಹೂಂ ಇಲ್ಲ ಅಂದು ಮುಗಿಸೋ ಪ್ರಶ್ನೆ ಬಿಟ್ಟು.

ಒಂದು ಎಚ್ಚರಿಕಿ. ಪುಸ್ತಕ ಪ್ರೀತಿ ಅದ ಅಂದ್ರ ಎಲ್ಲಾ ಸರಿ ಅದ ಅಂತಲ್ಲ. ಪುಸ್ತಕ ತರ್ತದ ಆದ್ರ ನಿಮಗ ತೋರಿಸೂದಿಲ್ಲ, ಹೆಸರು ಕರೆದ್ರ ತಿರಗೂದಿಲ್ಲ, ಬೆರಳು ಮಾಡೂದಿಲ್ಲ, ಅಥವಾ ಮೊದಲ ಬರ್ತಿದ್ದ ಶಬ್ದ ಹೋಗಿಬಿಟ್ಟಾವ ಅಂದ್ರ ತಿಂಗಳುಗಟ್ಲೆ ಕಾಯಬ್ಯಾಡ್ರಿ, ಮಕ್ಕಳ ಡಾಕ್ಟರಿಗೆ ಈ ವಾರಾನೇ ಹೇಳ್ರಿ. ಹೋಗೋವಾಗ ಶಬ್ದದ ಪಟ್ಟಿ ಬರ್ಕೊಂಡು, ಕೂಸಿಗೆ ಸೇರೋ ಪುಸ್ತಕ ಚೀಲದಾಗ ಹಾಕ್ಕೊಂಡು ಹೋಗ್ರಿ, ಹೊಸಾ ಮಂದಿ ಮುಂದ ಬಾಯಿ ಮುಚ್ಕೊಂಡು ಕೂಡೋ ಕೂಸು ಪುಸ್ತಕ ತೆಗೆದ್ರ ಏನಾರ ತೋರಿಸ್ತದ, ಥೆರಪಿಸ್ಟಿಗೂ ಅಷ್ಟು ಸಾಕು ಶುರು ಮಾಡಾಕ.