ರಾಜ್ಯೋತ್ಸವ ಪೋಸ್ಟ್‌ಗೆ ಅರಿಶಿನ ಸುಣ್ಣದಲ್ಲೇ ಬ್ಯಾಕ್‌ಗ್ರೌಂಡ್ ಮಾಡ್ಕೊಳ್ಳಿ

ನವೆಂಬರ್ 1 ಬಂತು ಅಂದ್ರೆ ಎಲ್ರ ಸ್ಟೇಟಸ್‌ನಲ್ಲೂ ಅದೇ ಡೌನ್‌ಲೋಡ್ ಮಾಡಿದ ಹಳದಿ ಕೆಂಪು ಟೆಂಪ್ಲೇಟ್. ನಮ್ಮ ಬಾವುಟದ ಬಣ್ಣಾನ ಅರಿಶಿನ ಕುಂಕುಮ ಅಂತೀವಲ್ಲ, ಆ ಎರಡೂ ಬಣ್ಣ ಅಡುಗೆಮನೆ ಡಬ್ಬೀಲೇ ಇರುವಾಗ ಯಾರೋ ಮಾಡಿಟ್ಟಿದ್ದು ಯಾಕೆ ಬೇಕು ಹೇಳಿ.

ಪೇಪರ್ ಒಂದು ಮಾತ್ರ ಒಳ್ಳೇದು ತಗೊಳ್ಳಿ, 300 ಜಿಎಸ್‌ಎಂ (ಹಾಳೆ ಎಷ್ಟು ದಪ್ಪ ಅನ್ನೋದರ ಅಳತೆ) ವಾಟರ್‌ಕಲರ್ ಶೀಟ್, ಎ4 ಸಾಕು. ಮಾಮೂಲಿ ಡ್ರಾಯಿಂಗ್ ಶೀಟ್ ನೀರು ಬಿದ್ದ ತಕ್ಷಣ ಹಪ್ಪಳದ ಥರ ಏಳುತ್ತೆ, ಆಮೇಲೆ ಫೋಟೋ ತೆಗೆದ್ರೆ ಆ ಉಬ್ಬಿನ ನೆರಳೇ ಕಾಣ್ಸೋದು. ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಹಲಗೆಗೆ ಅಂಟಿಸ್ಕೊಳ್ಳಿ.

ಕಾಲು ಲೋಟ ಬಿಸಿನೀರಿಗೆ ಅರ್ಧ ಚಮಚ ಅರಿಶಿನ ಕದಡಿ ಬಟ್ಟೇಲಿ ಸೋಸಿ, ಸೋಸದಿದ್ರೆ ಒಣಗಿದಮೇಲೆ ಪುಡಿ ಕೈಗೆ ಬರುತ್ತೆ. ಮೊದಲು ಬರೀ ನೀರಲ್ಲಿ ಹಾಳೆ ಒದ್ದೆ ಮಾಡಿ, ಅಗಲ ಬ್ರಶ್‌ನಲ್ಲಿ ಅರಿಶಿನ ಎಳೀರಿ. ಎಲೆ ಅಡಿಕೆಗೆ ಹಚ್ಚೋ ಸುಣ್ಣ ಕಡಲೇಕಾಳಷ್ಟು ತಗೊಂಡು ಎರಡು ಚಮಚ ನೀರಲ್ಲಿ ಕರಗಿಸಿ ಪಕ್ಕದಲ್ಲಿ ಇಟ್ಕೊಂಡಿರಿ, ಹಾಳೆ ಇನ್ನೂ ಹಸಿಯಾಗಿ ಹೊಳೀತಿರುವಾಗ್ಲೇ ಬ್ರಶ್ ತುದೀಲಿ ಒಂದು ಹನಿ ಬಿಡಿ. ಬೆರಳು ಅದ್ದಬೇಡಿ, ಸುಣ್ಣ ಚರ್ಮ ಸುಡುತ್ತೆ. ಹನಿ ಬಿದ್ದ ಜಾಗ ಕಣ್ಣೆದುರಿಗೇ ಕೆಂಪಾಗುತ್ತೆ, ಆ ಕೆಂಪು ಬೇರಿನ ಥರ ಸಣ್ಣಸಣ್ಣ ಎಳೆ ಬಿಟ್ಕೊಂಡು ಹಳದಿ ಒಳಗೆ ಹರಿಯುತ್ತೆ, ಎರಡೂ ಸೇರೋ ಅಂಚಲ್ಲಿ ಕಿತ್ತಳೆ. ನಾನು ಎಷ್ಟು ಸಲ ಮಾಡಿದ್ರೂ ಆ ಅರ್ಧ ನಿಮಿಷ ಉಸಿರು ಬಿಗಿಹಿಡಿದೇ ನೋಡ್ತೀನಿ. ಮದುವೇಲಿ ಎತ್ತೋ ಕೆಂಪಾರತಿ ನೀರು ಇದೆಯಲ್ಲ, ಅದೇ ಇದು: ಅರಿಶಿನದ ಬಣ್ಣ ಸುಣ್ಣದಂಥ ಕ್ಷಾರ ಸೋಕಿದ್ರೆ ಕೆಂಪಿಗೆ ತಿರುಗುತ್ತೆ.

ಈಗ ಮುಖ್ಯ ವಿಷಯ, ಹನಿ ಎಲ್ಲಿ ಬಿಡ್ಬೇಕು ಅನ್ನೋದು. ಮೊದಲ ಸಲ ಖುಷೀಲಿ ಹಾಳೆ ತುಂಬ ಚಿಮುಕಿಸಿ, ಮೇಲೆ ಕೆಂಪಕ್ಷರದಲ್ಲಿ ರಾಜ್ಯೋತ್ಸವ ಅಂತ ಹಾಕಿದ್ದೆ, ನೋಡಿದ್ರೆ ಯ ಒತ್ತು ಯಾವುದು ಸ ಒತ್ತು ಯಾವುದು ಸುಣ್ಣದ ಹನಿ ಯಾವುದು ಒಂದೂ ಗೊತ್ತಾಗ್ತಿರ್ಲಿಲ್ಲ, ಇಡೀ ಸಂಜೆ ಕೆಲಸ ಹಾಳಾಯ್ತು, ತುಂಬ ಬೇಜಾರಾಗಿತ್ತು. ನಮ್ಮ ಅಕ್ಷರ ಬರೀ ಗೆರೆ ಮೇಲೆ ಕೂರಲ್ಲ, ಮೇಲೆ ಗುಡಿಸು ಇರುತ್ತೆ, ಕೆಳಗೆ ಒತ್ತು ಇಳಿಯುತ್ತೆ, ರಾಷ್ಟ್ರ ಅಂತ ಬರೆದ್ರೆ ಎರಡೆರಡು ಒತ್ತು. ಅವಕ್ಕೆ ಉಸಿರಾಡೋಕೆ ಜಾಗ ಬೇಕು. ಅದಕ್ಕೇ ನಾನೀಗ ಮೂಲೆಗಳಲ್ಲಿ ಮಾತ್ರ ಹನಿ ಬಿಡ್ತೀನಿ, ಮಧ್ಯ ಪೂರ್ತಿ ತಿಳಿ ಹಳದಿ, ಲೈನ್ ಸ್ಪೇಸಿಂಗ್‌ನೂ ಇಂಗ್ಲಿಷ್‌ಗೆ ಇಡೋದಕ್ಕಿಂತ ಜಾಸ್ತಿ ಇಡ್ತೀನಿ. ಫಾಂಟ್ ದಪ್ಪ ಇರ್ಲಿ, ಬಾಲೂ ತಮ್ಮ ಅನ್ನೋ ಕನ್ನಡ ಫಾಂಟ್ ಇಂಥ ಬ್ಯಾಕ್‌ಗ್ರೌಂಡ್ ಮೇಲೆ ಚೆನ್ನಾಗಿ ಕೂರುತ್ತೆ.

ನೆರಳಲ್ಲಿ ಒಣಗಿಸಿ, ಅವತ್ತೇ ಸ್ಕ್ಯಾನ್ ಮಾಡ್ಬಿಡಿ, ಯಾಕಂದ್ರೆ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಎ4 ಅಂದ್ರೆ 2480×3508 ಪಿಕ್ಸೆಲ್ ಸಿಗುತ್ತೆ, ಇನ್‌ಸ್ಟಾಗ್ರಾಂ ಉದ್ದ ಪೋಸ್ಟ್‌ಗೆ 1080×1350 ಸಾಕು, ಹಾಗಾಗಿ ಒಂದೇ ಹಾಳೇಲಿ ನಾಲ್ಕು ಮೂಲೆಗೆ ನಾಲ್ಕು ಬ್ಯಾಕ್‌ಗ್ರೌಂಡ್ ಕ್ರಾಪ್ ಮಾಡ್ಬಹುದು. ಆಟೋ ಕಲರ್ ಕರೆಕ್ಷನ್ ಆಫ್ ಮಾಡಿ, ಇಲ್ಲಾಂದ್ರೆ ಸ್ಕ್ಯಾನರ್ ತಿಳಿ ಹಳದೀನ ಬಿಳಿ ಮಾಡೋಕೆ ಹೋಗುತ್ತೆ. ಸ್ಕ್ಯಾನರ್ ಇಲ್ವಾ, ಬೆಳಿಗ್ಗೆ ಕಿಟಕಿ ಪಕ್ಕ ನೇರ ಬಿಸಿಲು ಬೀಳದ ಕಡೆ ನೆಲದ ಮೇಲಿಟ್ಟು ಫೋನ್ ಹಾಳೆಗೆ ಸಮಾನಾಂತರ ಹಿಡಿದು ತೆಗೀರಿ, ಟ್ಯೂಬ್‌ಲೈಟ್ ಆಫ್, ಫ್ಲಾಶ್ ಬೇಡ. ಲ್ಯಾಪ್‌ಟಾಪ್‌ಗೆ ಕಳಿಸುವಾಗ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದ್ರೆ ಆ ಸಣ್ಣ ಎಳೆಗಳೆಲ್ಲ ಕಲಸಿಹೋಗುತ್ತೆ.

ಅಕ್ಷರದ ಬಣ್ಣ ಬೇರೆ ಹುಡುಕಬೇಡಿ, ಎಡಿಟಿಂಗ್ ಆ್ಯಪ್‌ನಲ್ಲಿ ಚಿತ್ರದಿಂದ ಬಣ್ಣ ಎತ್ತೋ ಐಡ್ರಾಪರ್ ತಗೊಂಡು ಹಾಳೇಲಿ ಅತೀ ಗಾಢ ಇರೋ ಕೆಂಪು ಎಲ್ಲಿದೆ ನೋಡಿ ಅಲ್ಲಿಂದ್ಲೇ ಎತ್ಕೊಂಡು ಇನ್ನೊಂಚೂರು ಕಪ್ಪು ಸೇರಿಸಿ.