ಅಮೆರಿಕದಲ್ಲಿ ಹಿರಿಯರ ಆರೈಕೆ: ಯಾವ ಸಹಿಗೆ ಎಷ್ಟು ಭಾರ?

ಮಾವನವರಿಗೆ ಎದೆನೋವು ಬಂದ ರಾತ್ರಿ ಎಮರ್ಜೆನ್ಸಿಯ ಕೌಂಟರಿನಲ್ಲಿ ನನ್ನ ಕೈಗೆ ನಾಲ್ಕು ಹಾಳೆ ಕೊಟ್ಟರು. ಮೂರನೆಯದರಲ್ಲಿ ‘ಗ್ಯಾರಂಟರ್’, ಅಂದರೆ ಬಿಲ್ಲಿಗೆ ಜಾಮೀನು ನಿಲ್ಲುವವರು, ಎಂಬ ಪದದ ಮುಂದೆ ಖಾಲಿ ಗೆರೆ. ಗಾಬರಿಯಲ್ಲಿ ಓದದೆಯೇ ಸಹಿ ಹಾಕಿಬಿಟ್ಟೆ. ಬಿಲ್ಲು ನನ್ನ ಹೆಸರಿಗೇ ಬಂತು.

ಸಹಿ ಹಾಕಲೇಬೇಕೆಂದಿರಲಿಲ್ಲ. 1986ರ ಎಮ್ಟಾಲಾ ಕಾಯ್ದೆಯ ಪ್ರಕಾರ ಎಮರ್ಜೆನ್ಸಿಗೆ ಬಂದವರನ್ನು, ಹಣ ಕಟ್ಟಲಿ ಬಿಡಲಿ, ಮೊದಲು ಪರೀಕ್ಷಿಸಿ ಸ್ಥಿರಗೊಳಿಸಬೇಕು. ಹೆತ್ತವರ ಆಸ್ಪತ್ರೆ ಸಾಲ ಮಕ್ಕಳಿಗೆ ತಾನಾಗಿ ಬರುವುದು ಅಪರೂಪ. ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳಲ್ಲಿ ಮಾತ್ರ ಅದಕ್ಕೆ ಬೇರೆ ಕಾನೂನಿದೆ. ‘ರೋಗಿಯ ಪರವಾಗಿ’ ಎಂದು ಬರೆದು ಸಹಿ ಹಾಕುವುದಕ್ಕೂ ‘ನಾನೇ ಕಟ್ಟುತ್ತೇನೆ’ ಎಂದು ಒಪ್ಪುವುದಕ್ಕೂ ಅಜಗಜಾಂತರ. ನರ್ಸಿಂಗ್ ಹೋಮಿನವರಂತೂ (ಇಲ್ಲಿ ಹಾಗೆಂದರೆ ಹಿರಿಯರನ್ನು ದೀರ್ಘಕಾಲ ಇಟ್ಟುಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರ) ಸೇರಿಸಿಕೊಳ್ಳಲು ಮನೆಯವರ ಜಾಮೀನೇ ಬೇಕೆಂದು ಹಟ ಹಿಡಿಯುವಂತಿಲ್ಲ. ಮೆಡಿಕೇರ್ (ಮುಖ್ಯವಾಗಿ ಹಿರಿಯರ ಸರ್ಕಾರಿ ವಿಮೆ), ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಹಣ ಪಡೆಯುವ ಹೋಮುಗಳಿಗೆಲ್ಲ ಫೆಡರಲ್ ಕಾನೂನು ಅದನ್ನು ನಿಷೇಧಿಸಿದೆ.

ಬಿಲ್ಲು ಬಂದರೂ ಗಾಬರಿಯಾಗಬೇಡಿ. ಲಾಭರಹಿತ ಆಸ್ಪತ್ರೆಗಳು ಆರ್ಥಿಕ ನೆರವಿನ ಯೋಜನೆ ಇಟ್ಟಿರಲೇಬೇಕು. ಡಿಸ್ಚಾರ್ಜ್ ಆದಮೇಲಿನ ಮೊದಲ ಬಿಲ್ಲಿನಿಂದ 240 ದಿನ ಅರ್ಜಿ ಹಾಕಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವ ಮೊದಲು ಇದನ್ನು ಕೇಳಿ. ಕಾರ್ಡಿಗೆ ಹೋದಮೇಲೆ ಅದು ಬ್ಯಾಂಕಿನ ಸಾಲ, ಬಡ್ಡಿ ಬೇರೆ.

ಸಾಲ ವಸೂಲಿ ಏಜೆನ್ಸಿಯವರು ಬೆಳಗ್ಗೆ 8ರ ಮುಂಚೆ, ರಾತ್ರಿ 9ರ ನಂತರ ಫೋನ್ ಮಾಡುವಂತಿಲ್ಲ. ಜೈಲಿಗೆ ಹಾಕಿಸುತ್ತೇವೆ, ವೀಸಾ ರದ್ದು ಮಾಡಿಸುತ್ತೇವೆ ಎಂದು ಹೆದರಿಸುವಂತಿಲ್ಲ. ಅವರ ನೋಟಿಸು ಕೈಸೇರಿದ 30 ದಿನದೊಳಗೆ ‘ಈ ಸಾಲ ನಾನು ಒಪ್ಪುವುದಿಲ್ಲ, ದಾಖಲೆ ಕೊಡಿ’ ಎಂದು ಪತ್ರ ಬರೆದರೆ, ದಾಖಲೆ ಕಳಿಸುವ ತನಕ ವಸೂಲಿ ನಿಲ್ಲಿಸಬೇಕು. ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ, ರಸೀದಿ ಜೋಪಾನವಾಗಿಡಿ.

ಇನ್ನೊಂದು ಸಹಿಯ ಭಾರ ಅನೇಕರಿಗೆ ಗೊತ್ತೇ ಇರುವುದಿಲ್ಲ. ಅಪ್ಪ-ಅಮ್ಮನ ಗ್ರೀನ್ ಕಾರ್ಡಿಗೆ ತುಂಬುವ ಐ-864 ಬರೀ ಫಾರಂ ಅಲ್ಲ, ಅವರ ಖರ್ಚಿನ ಹೊಣೆ ನನ್ನದು ಎಂದು ಸರ್ಕಾರದ ಜೊತೆ ಮಾಡಿಕೊಳ್ಳುವ ಕರಾರು. ಅವರು ನಾಗರಿಕರಾಗುವವರೆಗೆ, ಇಲ್ಲವೇ ಸುಮಾರು 10 ವರ್ಷದ ದುಡಿಮೆ ಅವರ ಲೆಕ್ಕಕ್ಕೆ ಸೇರುವವರೆಗೆ ಅದು ಜೀವಂತ. ವಿಚ್ಛೇದನವಾದರೂ ಬಿಡುವುದಿಲ್ಲ. ಗೆಳೆಯರೊಬ್ಬರು ಜಂಟಿ ಪ್ರಾಯೋಜಕರಾಗಿ ಸಹಿ ಹಾಕಿದರೆ ಅವರಿಗೂ ಅದೇ ಹೊಣೆ, ಹಾಗಾಗಿ ಕೇಳುವ ಮುಂಚೆ ಅವರಿಗೆ ಇದನ್ನು ಬಿಡಿಸಿ ಹೇಳಿ. 65 ದಾಟಿದ ಗ್ರೀನ್ ಕಾರ್ಡಿನವರು ಇಲ್ಲಿ ಸತತ 5 ವರ್ಷ ಇದ್ದಮೇಲೆ ಪ್ರೀಮಿಯಂ ಕಟ್ಟಿ ಮೆಡಿಕೇರ್ ಸೇರಬಹುದು. ಅಲ್ಲಿಯವರೆಗೆ ಖಾಸಗಿ ವಿಮೆ ಬೇಕೇ ಬೇಕು.

ರಜೆಯ ವಿಷಯ. 1993ರ ಎಫ್‌ಎಂಎಲ್‌ಎ (ಕುಟುಂಬ ಮತ್ತು ವೈದ್ಯಕೀಯ ರಜೆ) ಕಾಯ್ದೆ 50 ಮತ್ತು ಹೆಚ್ಚು ನೌಕರರಿರುವ ಕಂಪನಿಗಳಲ್ಲಿ ವರ್ಷ ಪೂರೈಸಿ, ಕಳೆದ 12 ತಿಂಗಳಲ್ಲಿ 1,250 ಗಂಟೆ ದುಡಿದವರಿಗೆ 12 ವಾರ ಸಂಬಳವಿಲ್ಲದ ರಜೆ ಕೊಡುತ್ತದೆ. ಹಿರಿಯರ ಆರೈಕೆಗೆಂದರೆ ಹೆತ್ತವರು ಅದರಲ್ಲಿದ್ದಾರೆ, ಅತ್ತೆ-ಮಾವ ಇಲ್ಲ. ಇದು ನನಗೆ ನಿಜಕ್ಕೂ ನೋವು ತಂದ ನಿಯಮ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಅವರೂ ಸೇರಿದ್ದಾರೆ, ನಿಮ್ಮ ರಾಜ್ಯದಲ್ಲಿ ಏನಿದೆಯೆಂದು ಎಚ್‌ಆರ್‌ನವರನ್ನು ಕೇಳಿ. ಆ ರಾತ್ರಿಯ ನಂತರದ ವಾರಗಳಲ್ಲಿ ರಜೆ ಹಾಕಿ ಮಾವನವರ ಪಕ್ಕ ಕೂತದ್ದು ನನ್ನ ಗಂಡ, ಅವರ ಮಗ.